ಪ್ರ: ಸಿರುಗುಪ್ಪದ ಗ್ಯಾರೇಜಿನಲ್ಲಿ ನಿಂತಿರೋದು ಲ್ಯಾಂಡ್‌ಮಾಸ್ಟರಾ, ಹಳೇ ಅಂಬಾಸಿಡರಾ?

ಲ್ಯಾಂಡ್‌ಮಾಸ್ಟರ್ ಅಂದ್ರೆ ಅಂಬಾಸಿಡರಿಗೂ ಮುಂಚೆ ಹಿಂದೂಸ್ತಾನ್ ಮೋಟರ್ಸ್ ಮಾಡುತ್ತಿದ್ದ ಕಾರು. ಮುಂದಿನ ಜಾಲರಿ ನಂಬಬೇಡ್ರಿ, ಎಷ್ಟೋ ಗಾಡಿಗೆ ಬದಲಾಗಿರುತ್ತೆ. ಮೊದಲು ಹಿಂದಕ್ಕೆ ಹೋಗಿ. ಡಿಕ್ಕಿಯ ಎರಡೂ ಬದಿ ದುಂಡಗೆ ಇಳಿದಿದ್ದರೆ ಲ್ಯಾಂಡ್‌ಮಾಸ್ಟರ್. ಟೈಲ್ ಲೈಟಿನ ಮೇಲೆ ಸಣ್ಣ ರೆಕ್ಕೆಯಂತೆ ಎದ್ದಿದ್ದರೆ ಅಂಬಾಸಿಡರ್.

ಮಾಲೀಕರನ್ನು ಕೇಳಿ ಬಾನೆಟ್ ಎತ್ತಿಸಿ. ಲ್ಯಾಂಡ್‌ಮಾಸ್ಟರಿನದು 1476 ಸಿಸಿ ಸೈಡ್ ವಾಲ್ವ್ ಎಂಜಿನ್, ಅಂದ್ರೆ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ: ಹೆಡ್ ಚಪ್ಪಟೆ, ಮೇಲೆ ವಾಲ್ವ್ ಕವರ್ ಇರಲ್ಲ. ಆದರೆ ಮೊದಲ ಅಂಬಾಸಿಡರುಗಳಿಗೂ ಅದೇ ಎಂಜಿನ್. ವಾಲ್ವ್‌ಗಳು ಮೇಲೆ ಹೆಡ್‌ನಲ್ಲೇ ಇರುವ 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ ಬಂದದ್ದು 1959ರಲ್ಲಿ. ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದವರೂ ಇದ್ದಾರೆ. ಹಾಗಾಗಿ ಎಂಜಿನ್‌ಗಿಂತ ಬಾಡಿಯೇ ಗಟ್ಟಿ ಸಾಕ್ಷಿ.

ಬಳ್ಳಾರಿಯ ಕೆಎ-34 ನಂಬರಿನಿಂದ ವಯಸ್ಸು ಲೆಕ್ಕ ಹಾಕಬೇಡಿ, ಅದು ಆಮೇಲೆ ಸಿಕ್ಕ ನಂಬರ್. ಆರ್‌ಸಿಯಲ್ಲಿ ತಯಾರಾದ ವರ್ಷ ನೋಡಿ, ಚಾಸಿ ನಂಬರನ್ನು ಗಾಡಿಯ ಪ್ಲೇಟಿಗೆ ತಾಳೆ ಮಾಡಿ. ಕೆಂಪು ಕಂಡಲ್ಲೆಲ್ಲ ತುಕ್ಕು ಅನ್ನಬೇಡಿ. ಒದ್ದೆ ಬಟ್ಟೆಗೆ ಬಂದರೆ ನಮ್ಮ ಬಳ್ಳಾರಿ ಕಡೆಯ ಕಬ್ಬಿಣದ ಅದಿರಿನ ಧೂಳು. ಲ್ಯಾಂಡ್‌ಮಾಸ್ಟರೇ ಆಗಿದ್ದರೆ ದಯವಿಟ್ಟು ಗುಜರಿಗೆ ಹೋಗಲು ಬಿಡಬೇಡಿ.