ಹೋಟೆಲಿನ ಗೋಡೆಯಲ್ಲಿದ್ದ ಕೊಂಕಣದ ಚಿತ್ರಕ್ಕೆ ಬೆಲೆ ಎಷ್ಟು?

ಪ್ರಶ್ನೆ: ಮುಂಬಯಿಯ ಮಾಟುಂಗದಲ್ಲಿ ಅಜ್ಜ ನಡೆಸುತ್ತಿದ್ದ ಹೋಟೆಲಿನ ಗಲ್ಲಾದ ಹಿಂದೆ ತೂಗುಹಾಕಿದ್ದ ಚಿತ್ರ ಈಗ ಡೊಂಬಿವಲಿಯ ನಮ್ಮ ಮನೆಯಲ್ಲಿದೆ. ಹೊಳೆ, ತೆಂಗು, ದೋಣಿ, ಹಿಂದೆ ಸಹ್ಯಾದ್ರಿ. ಸುಮಾರು 20x30 ಇಂಚು, ಎಣ್ಣೆಬಣ್ಣದ್ದೇ ಇರಬೇಕು. ಬಲಮೂಲೆಯ ದೇವನಾಗರಿ ಸಹಿಯನ್ನು ನೆಂಟರು ‘ಹಳದಣಕರ್’ ಎಂದು ಓದುತ್ತಾರೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ 4,000 ರೂಪಾಯಿಗೆ ಕೇಳಿದ. ಕೊಡಬಹುದೇ?

ಉತ್ತರ: ಸಹಿಯನ್ನು ಸದ್ಯಕ್ಕೆ ಮರೆತು ಚಿತ್ರದ ಬೆನ್ನು ನೋಡಿ. ಮೇಜಿನ ಮೇಲೆ ದಪ್ಪ ಬೆಡ್‌ಶೀಟ್ ಹಾಸಿ, ಕವುಚಿ ಮಲಗಿಸಿ, ಹಿಂದಿನ ಕಂದು ಕಾಗದ ತೆಗೆಯುವ ಮುನ್ನ ಫೋಟೊ ತೆಗೆದಿಟ್ಟುಕೊಳ್ಳಿ. ಚೌಕಟ್ಟು ಕಟ್ಟಿದ ಅಂಗಡಿಯ ಚೀಟಿ ಇದ್ದರೆ ಅದೃಷ್ಟ. ವಿಳಾಸ ‘ಬಾಂಬೆ 19’ ಎಂದಷ್ಟೇ ಇದ್ದರೆ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು; ‘400019’ ಎಂದಿದ್ದರೆ ಪಿನ್‌ಕೋಡ್ ಬಂದಮೇಲಿನದು. ಅದು ಚೌಕಟ್ಟಿನ ವಯಸ್ಸು ಮಾತ್ರ, ಚಿತ್ರ ಇನ್ನೂ ಹಳೆಯದಿರಬಹುದು. ಕ್ಯಾನ್ವಾಸನ್ನು ತುಕ್ಕು ಹಿಡಿದ ಮೊಳೆಗಳಲ್ಲಿ ಬಿಗಿದಿದ್ದಾರೋ ಸ್ಟೇಪಲ್ ಪಿನ್ನಿನಲ್ಲೋ ನೋಡಿ. ಸ್ಟೇಪಲ್ ಇದ್ದರೆ ಇತ್ತೀಚಿನ ಕೆಲಸ, ಇಲ್ಲವೇ ಮರುಬಿಗಿತ.

ಇನ್ನು ಮುಂಭಾಗ. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಬಣ್ಣದ ಚುಕ್ಕಿಗಳು ಸಾಲುಸಾಲಾಗಿ ಕಂಡರೆ ಅದು ಆಫ್‌ಸೆಟ್ ಮುದ್ರಣ. ಮೋಸಹೋಗುವುದು ಹೆಚ್ಚಾಗಿ ಓಲಿಯೋಗ್ರಾಫಿನಲ್ಲಿ, ಅಂದರೆ ಎಣ್ಣೆಬಣ್ಣದ ಚಿತ್ರದಂತೆ ಕಾಣುವ ಹಳೇ ಮುದ್ರಣದಲ್ಲಿ: ಅದಕ್ಕೆ ಕ್ಯಾನ್ವಾಸಿನ ನೇಯ್ಗೆಯಂಥ ಉಬ್ಬು ಒತ್ತಿ ವಾರ್ನಿಶ್ ಹೊಡೆದಿರುತ್ತಾರೆ. ಆದರೆ ಆ ಉಬ್ಬು ಆಕಾಶದಲ್ಲೂ ತೆಂಗಿನ ಗರಿಯಲ್ಲೂ ಒಂದೇ ತೆರ. ಕುಂಚದ ಕೆಲಸವಾದರೆ ಗೆರೆ ಗರಿ ಬಾಗಿದ ದಿಕ್ಕಿಗೇ ಬಾಗುತ್ತದೆ.

ಈಗ ಸಹಿ. ಬಣ್ಣದಲ್ಲಿ ಬಿರುಕುಗಳಿದ್ದರೆ ಅವು ಅಕ್ಷರಗಳನ್ನು ಸೀಳಿಕೊಂಡು ಹೋಗಿರಬೇಕು. ಅಕ್ಷರದ ಬಣ್ಣವೇ ಬಿರುಕಿನೊಳಗೆ ಇಳಿದಿದ್ದರೆ ಯಾರೋ ಆಮೇಲೆ ಬರೆದದ್ದು. ಚಿತ್ರಕಾರ ಎಸ್.ಎಲ್. ಹಳದಣಕರ್ (1882–1968) ಹೆಸರು ಮಾಡಿದ್ದು ಮುಖ್ಯವಾಗಿ ಜಲವರ್ಣದಲ್ಲಿ. ಎಣ್ಣೆಬಣ್ಣದಲ್ಲೂ ಬರೆದವರೇ, ಹಾಗಾಗಿ ಮಾಧ್ಯಮವೊಂದರಿಂದಲೇ ತೀರ್ಮಾನವಾಗದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನೇ ಎಷ್ಟೋ ಜನ ರವಿವರ್ಮನದೆಂದು ನಂಬಿದ್ದಾರೆ. ನೆಂಟರ ಮಾತಿಗೆ ಎಷ್ಟು ತೂಕ ಕೊಡಬೇಕೋ ನೀವೇ ಲೆಕ್ಕಹಾಕಿ.

ಗೋಡೆ ತುಂಬಲೆಂದೇ ಬರೆಸಿದ ಇಂಥ ಹೊಳೆ-ತೆಂಗು-ದೋಣಿ ಬೇಕಾದಷ್ಟಿವೆ. ಕಲಾವಿದ ಗೊತ್ತಾಗದಿದ್ದರೆ ಬೆಲೆ ನಿಲ್ಲುವುದು ಅಳತೆ, ಸ್ಥಿತಿ, ಚೌಕಟ್ಟಿನ ಮೇಲೆ. ಹೆಸರು ಖಚಿತವಾದರೆ ಮಾತ್ರ ಅದೇ ಕಲಾವಿದ, ಅದೇ ಮಾಧ್ಯಮ, ಸುಮಾರು ಅದೇ ಅಳತೆಯ ಕೃತಿಗಳು ಹರಾಜಿನಲ್ಲಿ ಎಷ್ಟಕ್ಕೆ ಹೋದವೆಂದು ಹುಡುಕಿ. ಪ್ರಕಟವಾದ ಮೊತ್ತದಲ್ಲಿ ಖರೀದಿದಾರರ ಕಮಿಷನ್ ಸೇರಿರಬಹುದು, ಮಾರುವವರ ಕೈಗೆ ಅಷ್ಟು ಬರುವುದಿಲ್ಲ. ವಿಮೆಗಾಗಿ ಬರೆಸುವ ಮೌಲ್ಯ ಮಾರಾಟದ ಬೆಲೆಗಿಂತ ಹೆಚ್ಚೇ ಇರುತ್ತದೆ, ಎರಡನ್ನೂ ಬೆರೆಸಬೇಡಿ. ನೂರು ವರ್ಷ ದಾಟಿದ್ದೆಂದು ರುಜುವಾತಾದರೆ 1972ರ ಪುರಾವಸ್ತು ಕಾಯ್ದೆ ಅನ್ವಯ ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ.

ಅಷ್ಟರವರೆಗೆ ಕೊಳೆ ತೆಗೆಯಲೆಂದು ಆಲೂಗಡ್ಡೆ ಉಜ್ಜುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇಡವೇ ಬೇಡ; ನೀರು ಬಿರುಕಿನೊಳಗೆ ಇಳಿದು ಬಣ್ಣವನ್ನು ಮೇಲೆಬ್ಬಿಸುತ್ತದೆ. ಮಳೆಗಾಲದಲ್ಲಿ ಹೊರಗೋಡೆಗೆ ತೂಗಬೇಡಿ. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಒಂದೊಂದು ಬಾಟಲಿ ಬಿರಡೆಯ ಹೋಳು ಅಂಟಿಸಿದರೆ ಗಾಳಿಯಾಡಿ ಬೂಷ್ಟು ಹಿಡಿಯುವುದು ಕಮ್ಮಿಯಾಗುತ್ತದೆ.

ವ್ಯಾಪಾರಿಗೆ ‘ನೋಡಿ ಹೇಳ್ತೇವೆ’ ಅನ್ನಿ. ಚೌಕಟ್ಟು ಸಾಗುವಾನಿಯದಾದರೆ ಆತನ ಕಣ್ಣು ಅದರ ಮೇಲೇ ಇದ್ದರೂ ಇದ್ದೀತು.