ಸೂರಕ್ಕಿ ಹಾರುವ ಮೊದಲೇ ಫೋಕಸ್

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ ಅಡಿಕೆ ತೋಟ. ಬೆಳಿಗ್ಗೆ ಹೂವಿನ ರಸ ಕುಡಿಯುವ ಸೂರಕ್ಕಿಗಳು ತುಂಬ ಬರ್ತವೆ. 70-300 ಎಂಎಂ ಜೂಮ್ ಲೆನ್ಸಲ್ಲಿ ಕೂತದ್ದು ಚಂದ ಬರ್ತದೆ, ಹಾರುವಾಗ ತೆಗೆದದ್ದೆಲ್ಲ ಬರೀ ಬಣ್ಣದ ಗೀಟು. ಶಟರ್ 1/500 ಸೆಕೆಂಡಿಗೆ ಇಡ್ತೇನೆ. 600 ಎಂಎಂ ತಗೊಂಡ್ರೆ ಸರಿ ಆಗ್ತದಾ ಸರ್?

ಉತ್ತರ: ದುಡ್ಡು ಹಾಳು ಮಾಡ್ಬೇಡಿ ಮಾರಾಯ್ರೆ. 600ರಲ್ಲಿ ಆ ಪುಟ್ಟ ಹಕ್ಕಿ ಫ್ರೇಮಿಗೆ ಸಿಕ್ಕುವುದೇ ಕಷ್ಟ. ಒಂದು ಲೆಕ್ಕ ಹಾಕುವ. ಹಕ್ಕಿ ಗಂಟೆಗೆ 36 ಕಿ.ಮೀ. ಹೋಗ್ತದೆ ಅಂತಿಟ್ಕೊಳ್ಳಿ, ನಿಮ್ಮೂರ ರಸ್ತೆಯಲ್ಲಿ ಸ್ಕೂಟರ್ ಹೋದ ಹಾಗೆ, ಅಂದ್ರೆ ಸೆಕೆಂಡಿಗೆ 10 ಮೀಟರ್. 1/500ರಲ್ಲಿ ಅದು 2 ಸೆಂ.ಮೀ. ಮುಂದೆ ಹೋಗಿ ಆಯ್ತು, ಸೂರಕ್ಕಿ ಇರುವುದೇ ಸುಮಾರು 10 ಸೆಂ.ಮೀ., ಮತ್ತೆ ಗೀಟು ಬರದೆ ಎಂತ ಬರ್ತದೆ? 1/3200 ಇಡಿ, 3 ಮಿ.ಮೀ.ಗೆ ಇಳೀತದೆ. ರೆಕ್ಕೆ ತುದಿ ಸ್ವಲ್ಪ ಮಸುಕಾದ್ರೆ ಬಿಡಿ, ನನಗಂತೂ ಅದೇ ಇಷ್ಟ, ಎಲ್ಲ ಗಟ್ಟಿ ನಿಂತ್ರೆ ದಾರ ಕಟ್ಟಿ ನೇತುಹಾಕಿದ ಹಾಗೆ ಕಾಣ್ತದೆ.

ಆದ್ರೆ ತೋಟದ ಒಳಗೆ 1/3200ಕ್ಕೆ ಬೆಳಕೆಲ್ಲಿ ಉಂಟು? ಅಂಗಳಕ್ಕೆ ಬನ್ನಿ. ಬಿಸಿಲು ಬೀಳುವ ದಾಸವಾಳವೋ ಬಾಳೆ ಪೂಂಬೆಯೋ (ಬಾಳೆ ಹೂವು) ನೋಡಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ ನಾಲ್ಕು ಮೀಟರ್ ದೂರ ಕೂತ್ಕೊಳ್ಳಿ, ಅರ್ಧ ಗಂಟೆ ಕ್ಯಾಮೆರಾ ಮುಟ್ಟಬೇಡಿ, ಸುಮ್ಮನೆ ನೋಡಿ. ಒಂದೇ ಕಡ್ಡಿಗೆ ಬಂದು ಕೂರ್ತದೆ, ದಾಸವಾಳದ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ ರಸ ಕುಡೀತದೆ, ಆಚೆ ಹೂವಿಗೆ ಹಾರ್ತದೆ, ಪುನಃ ಅದೇ ಕಡ್ಡಿ. ಆ ಕಡ್ಡಿಗೂ ಹೂವಿಗೂ ನಡುವಿನ ಜಾಗಕ್ಕೆ ಮ್ಯಾನುವಲ್ ಫೋಕಸ್ ಇಟ್ಟು ಕಾಯಬೇಕು. ನಾನು ಮೊದಮೊದಲು ಹಕ್ಕಿ ಹಿಂದೆಯೇ ಲೆನ್ಸ್ ತಿರುಗಿಸ್ತಾ ಒಂದು ಬೆಳಿಗ್ಗೆಗೆ 700 ಫೋಟೊ ಹೊಡ್ದೆ, ಶಾರ್ಪ್ ಬಂದದ್ದು ಹಿಂದಿನ ತೆಂಗಿನ ಮರ ಮಾತ್ರ.

ಇನ್ನೊಂದು, ಹಕ್ಕಿ ನಿಮಗೆ ಅಡ್ಡವಾಗಿ ಹಾರುವ ಕಡೆ ಕೂರಿ. ಆ ನಾಲ್ಕು ಮೀಟರ್ ದೂರದಲ್ಲಿ 300 ಎಂಎಂ, ಲೆನ್ಸಿನ ಕಿಂಡಿ ಎಫ್/5.6ಕ್ಕೆ ಇಟ್ರೆ ಶಾರ್ಪ್ ಸಿಗುವ ದಪ್ಪ ನಾಲ್ಕು ಸೆಂ.ಮೀ. ಆಸುಪಾಸು ಅಷ್ಟೆ, ನಿಮ್ಮ ಕಡೆಗೇ ಹಾರಿ ಬಂದ್ರೆ ಕಣ್ಣು ಮುಚ್ಚಿ ತೆರೆಯುವುದ್ರೊಳಗೆ ದಾಟಿರ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಫೋಟೊ ಹೊಡೆಯುವ ಬರ್ಸ್ಟ್ ಆನ್. ಈಗಿನ ಕೆಲವು ಮಿರರ್‌ಲೆಸ್‌ ಕ್ಯಾಮೆರಾಗಳಲ್ಲಿ ಪ್ರಿ-ಕ್ಯಾಪ್ಚರ್ ಅಂತ ಉಂಟು, ನೀವು ಬಟನ್ ಪೂರ್ತಿ ಒತ್ತುವ ಮೊದಲಿನ ಫ್ರೇಮನ್ನೂ ಉಳಿಸ್ತದೆ, ಓಲಿಂಪಸ್ ಕಂಪೆನಿ 2016ರಲ್ಲೇ ತಂದಿತ್ತು. ಖರ್ಚು ಮಾಡಲೇಬೇಕು ಅಂತಿದ್ರೆ ಅದಕ್ಕೆ ಮಾಡಿ.

ಪ್ರಶ್ನೆ: ಕುಂಬಳೆಯಲ್ಲಿ ನಮ್ಮ ಜಗಲಿ ವಯರಿಗೆ ಸೂರಕ್ಕಿ ಗೂಡು ಕಟ್ಟಿದೆ. ಮರಿಗೆ ಗುಟುಕು ತರುವಾಗ ಫ್ಲ್ಯಾಶ್ ಹಾಕಿ ತೆಗೀಬಹುದಾ?

ಉತ್ತರ: ಬೇಡ. ನೀವು ಹತ್ರ ನಿಂತ್ರೆ ತಾಯಿ ಗುಟುಕು ಹಿಡ್ಕೊಂಡು ಹೊರಗೇ ಸುತ್ತುತ್ತದೆ, ಮರಿ ಉಪವಾಸ. ಅಡ್ಡ ಬಂದ ಬಳ್ಳಿ ಕೂಡ ಸರಿಸ್ಬೇಡಿ, ಕಾಗೆ ನೋಡ್ತಿರ್ತದೆ. ಮರಿ ಹಾರಿ ಹೋಗ್ಲಿ, ಆಮೇಲೆ ಖಾಲಿ ಗೂಡಿನ ಫೋಟೊ ಎಷ್ಟು ಬೇಕಾದ್ರೂ ತೆಗೀರಿ.