ಲೇಸರ್ ಮುಗಿದರೆ ತಪಾಸಣೆ ಮುಗಿಯಿತೇ?

ಪ್ರಶ್ನೆ: ಒಂದೇ ಮಾಸಿನ ಅವಳಿ ಗರ್ಭ. ಒಂದು ಮಗುವಿನ ರಕ್ತ ಮಾಸಿನ ನಾಳಗಳಿಂದ ಇನ್ನೊಂದಕ್ಕೆ ಹೋಗ್ತಿದೆ ಅಂತ 20ನೇ ವಾರದಲ್ಲಿ ಹೈದರಾಬಾದಿನಲ್ಲಿ ಆ ನಾಳ ಸುಡುವ ಲೇಸರ್ ಆಯ್ತು. ನಾಲ್ಕನೇ ದಿನ ಸಣ್ಣ ಮಗುವಿನ ಹೊಟ್ಟೆಯಲ್ಲಿ ನೀರು ಕಂಡಿತ್ತು, ಆಮೇಲೆ ಹೋಯಿತು. ಈಗ 24 ವಾರ. ಊರಿನ ಸ್ಕ್ಯಾನಿಂಗ್‌ನಲ್ಲಿ 'ಎರಡೂ ಎದೆಬಡಿತ ಸರಿ' ಅಂದ್ರು. ಮತ್ತೆ ಅಷ್ಟು ದೂರ ಹೋಗಬೇಕಾ?
- ಭಾಲ್ಕಿಯ ಓದುಗರು

ಡಾಪ್ಲರ್ (ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನ್) ಚೆನ್ನಾಗಿ ನೋಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಹೋಗಲೇಬೇಕು. ಎದೆಬಡಿತ ಕೇಳಿ ತೃಪ್ತಿಪಟ್ಟು ಮನೆಗೆ ಹೋಗುವವರ ಪತ್ರ ತಿಂಗಳು ತಿಂಗಳೂ ಬರುತ್ತವೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ನೀರಿನ ವಿಷಯ. ಇಷ್ಟು ದಿನ ಸಣ್ಣ ಮಗು ತನ್ನ ರಕ್ತವನ್ನು ಮಾಸಿನೊಳಗಿನ ಕೂಡುನಾಳಗಳಿಂದ ಇನ್ನೊಂದಕ್ಕೆ ಕಳೆದುಕೊಳ್ಳುತ್ತಿತ್ತು. ಆ ನಾಳಗಳನ್ನು ಸುಟ್ಟ ಕೂಡಲೇ ರಕ್ತ ತನ್ನಲ್ಲೇ ಉಳಿಯಿತು, ಹೊಕ್ಕುಳ ಅಭಿಧಮನಿಯಲ್ಲಿ ಹರಿವು ಹೆಚ್ಚಿತು. ಕಡಿಮೆ ರಕ್ತಕ್ಕೆ ಒಗ್ಗಿದ್ದ ಹೃದಯಕ್ಕೆ ಅದು ಭಾರ. ಹಾಗಾಗಿ ಕೆಲವು ದಿನ ಹೊಟ್ಟೆಯಲ್ಲಿ ನೀರು ಕಾಣಬಹುದು, ಹೊಕ್ಕುಳಿನ ರಕ್ತವನ್ನು ಹೃದಯದ ಕಡೆ ಒಯ್ಯುವ ಸಣ್ಣ ನಾಳದ (ಡಕ್ಟಸ್ ವೀನೋಸಸ್) ಡಾಪ್ಲರ್ ಅಲೆ ಕೆಡಬಹುದು. ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಲೇಸರ್ ಕೆಟ್ಟಿತು ಎಂದಲ್ಲ.

ದೊಡ್ಡ ಮಗುವಿನದು ಉಲ್ಟಾ. ಹೆಚ್ಚಿನ ರಕ್ತ ತಳ್ಳಿ ತಳ್ಳಿ ಅದರ ಹೃದಯದ ಗೋಡೆ ದಪ್ಪಗಾಗಿರುತ್ತದೆ, ಕವಾಟ ಸೋರುತ್ತಿರುತ್ತದೆ. ಇದು ಸುಧಾರಿಸಲು ವಾರಗಟ್ಟಲೆ ಬೇಕು. ಕೆಲವರಲ್ಲಿ ಶ್ವಾಸಕೋಶಕ್ಕೆ ಹೋಗುವ ಕವಾಟ ಕಿರಿದಾಗಿ ಉಳಿಯುತ್ತದೆ. ಗರ್ಭದಲ್ಲಿ ಒಮ್ಮೆ, ಹುಟ್ಟಿದ ಮೇಲೆ ಒಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ನನಗೆ ನಿಜವಾದ ಭಯ ಇರುವುದು ಇಲ್ಲಿ: ಒಂದು ಮಿಲಿಮೀಟರಿಗಿಂತ ಸಣ್ಣ ನಾಳ ಒಂದೆರಡು ಉಳಿದರೂ ಸಾಕು, ದಿನಕ್ಕೆ ಕೆಲವೇ ಎಂಎಲ್ ರಕ್ತ ಒಂದರಿಂದ ಇನ್ನೊಂದಕ್ಕೆ ಜಿನುಗುತ್ತಲೇ ಇರುತ್ತದೆ. ಒಂದು ಮಗುವಿಗೆ ರಕ್ತಹೀನತೆ, ಇನ್ನೊಂದರ ರಕ್ತ ಗಟ್ಟಿ. ಇದನ್ನೇ ಟ್ಯಾಪ್ಸ್ ಅನ್ನುತ್ತೇವೆ. ಸುತ್ತಲಿನ ಗರ್ಭದ ನೀರಿನ ಅಳತೆ ಎರಡರದ್ದೂ ಸರಿಯೇ ಇರುತ್ತದೆ, ಎದೆಬಡಿತವೂ ಸರಿಯೇ. ಲೇಸರ್ ನಂತರ ಹೆಚ್ಚಾಗಿ ರಕ್ತ ಕಳೆದುಕೊಳ್ಳುವುದು ಮೊದಲು ರಕ್ತ ಪಡೆಯುತ್ತಿದ್ದ ದೊಡ್ಡ ಮಗುವೇ. ಸಣ್ಣದರ ಮೇಲಷ್ಟೇ ಕಣ್ಣಿಟ್ಟವರು ಎಡವುವುದು ಅಲ್ಲೇ.

ಪತ್ತೆ ಮಾಡುವ ದಾರಿ, ಪ್ರತಿ ಮಗುವಿನ ಮೆದುಳಿನ ಮಧ್ಯದ ರಕ್ತನಾಳದಲ್ಲಿ ರಕ್ತ ಹರಿಯುವ ವೇಗ, ಅಂದರೆ ಎಂಸಿಎ ಡಾಪ್ಲರ್. ರಕ್ತಹೀನತೆ ಇದ್ದರೆ ವೇಗ ಏರುತ್ತದೆ, ರಕ್ತ ಗಟ್ಟಿಯಾದರೆ ಇಳಿಯುತ್ತದೆ. ಮಗು ಅಲುಗಾಡದೆ ಇರುವಾಗ, ಕೋನ ಸೊನ್ನೆಯ ಹತ್ತಿರ ಇಟ್ಟು, ನಾಳದ ಬುಡದಲ್ಲೇ ಅಳೆಯಬೇಕು. 24 ವಾರಕ್ಕೆ ಸಹಜ ವೇಗ ಸೆಕೆಂಡಿಗೆ ಸುಮಾರು 31 ಸೆಂ.ಮೀ., ಅದರ 1.5 ಪಟ್ಟು ಸುಮಾರು 46. ಒಂದು ಮಗುವಿನ ವೇಗ ಸಹಜದ 1.5 ಪಟ್ಟು ದಾಟಿ ಇನ್ನೊಂದರದ್ದು ಸಹಜಕ್ಕಿಂತ (1.0 ಪಟ್ಟು) ಕೆಳಗಿದ್ದರೆ ಅದೇ ದಿನ ಲೇಸರ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಲೇಸರ್ ಆದ ಮೊದಲ ಎರಡು ವಾರ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್. ರಿಪೋರ್ಟಿನಲ್ಲಿ ಎರಡೂ ಮಗುವಿನ ಎಂಸಿಎ ಅಂಕಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಸಂಕೋಚ ಬೇಡ.

ಪ್ರಶ್ನೆ: ಜೋಡಿ ಬಾಳೆಹಣ್ಣು ತಿಂದಿದ್ದಕ್ಕೆ ಹೀಗಾಯ್ತಾ?
ಇಲ್ಲ. ಆ ತಾಯಿಯನ್ನು ಅಂದು ಆಡಿ ನೋಯಿಸಬೇಡಿ.

ಪ್ರಶ್ನೆ: ಹೊಟ್ಟೆ ನೀವಿ ಮಗು ಸರಿಮಾಡುವವರು ಯಾದಗಿರಿ ಕಡೆ ಇದ್ದಾರಂತೆ?
ಹತ್ತಿರ ಬಿಡಬೇಡಿ! ಲೇಸರ್‌ಗಾಗಿ ದುರ್ಬೀನು ಹಾಕಿದ ಕಡೆ ನೀರಿನ ಚೀಲ ಮೊದಲೇ ದುರ್ಬಲ. ನೀರು ಸೋರಿದರೆ, ಜ್ವರ ಬಂದರೆ, ಹೊಟ್ಟೆ ಬಿಗಿದರೆ ರಾತ್ರಿಯೇ ಹೊರಡಿ.

ಪ್ರಶ್ನೆ: ಹೆರಿಗೆ ಊರಲ್ಲೇ ಆಗಬಹುದಾ?
ಬೇಡ. ಸಾಮಾನ್ಯವಾಗಿ 34ರಿಂದ 36 ವಾರದೊಳಗೆ, ನವಜಾತ ಶಿಶುಗಳ ಐಸಿಯು ಇರುವಲ್ಲಿ. ಹುಟ್ಟಿದ ದಿನವೇ ಇಬ್ಬರ ಹಿಮೋಗ್ಲೋಬಿನ್ ನೋಡಿಸಿ.